ನೆಟ್ ತೆಗೆದರೂ ನಿಲ್ಲದ ಗ್ರಾಫ್

ಆ ಕಾಲೇಜಿನ ಲ್ಯಾಬಿನಲ್ಲಿ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಇರಲಿಲ್ಲ. ಹಾಕೋಣ ಅಂದರೆ ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತಲೇ ಯಾರಿಗೂ ಗೊತ್ತಿಲ್ಲ. ಬಿಎಸ್ಸಿ ಮಕ್ಕಳಿಗೆ ಒಂದು ಶನಿವಾರ ಡೇಟಾ ಬಗ್ಗೆ ಹೇಳಿಕೊಡಿ ಅಂತ ಕರೆದಾಗಲೇ ಈ ವಿಷಯ ಕಿವಿಗೆ ಬಿದ್ದಿತ್ತು, ಹಾಗಾಗಿ ಏನೂ ಇನ್‌ಸ್ಟಾಲ್ ಮಾಡದೆ ಬ್ರೌಸರ್‌ನಲ್ಲೇ ಪೈಥಾನ್ ಓಡಿಸುವ ಪೈಯೋಡೈಡ್ ನೆಚ್ಚಿಕೊಂಡು ಹೋಗಿದ್ದೆ.

ಸಿ ಭಾಷೆಯಲ್ಲಿ ಬರೆದ ಮಾಮೂಲಿ ಪೈಥಾನನ್ನೇ ವೆಬ್‌ಅಸೆಂಬ್ಲಿಗೆ, ಅಂದರೆ ಬ್ರೌಸರ್ ನೇರ ಓಡಿಸಬಲ್ಲ ಕೋಡಿಗೆ, ಕಂಪೈಲ್ ಮಾಡಿದರೆ ಅದೇ ಪೈಯೋಡೈಡ್. 2018ರಲ್ಲಿ ಮೊಜಿಲ್ಲಾದಲ್ಲಿ ಶುರುವಾಯಿತು, 2021ರಿಂದ ಸ್ವತಂತ್ರ ಪ್ರಾಜೆಕ್ಟ್. ಅಂಕಿ, ಡೇಟಾ ಲೆಕ್ಕ ಹಾಕುವ ನಂಪೈ, ಪಾಂಡಾಸ್ ಲೈಬ್ರರಿಗಳೆಲ್ಲ ಬ್ರೌಸರ್ ಒಳಗೇ ಓಡುತ್ತವೆ.

ಪೇಪರಿನಲ್ಲಿ ದಿನಾ ಬರುವ ಕೆಆರ್‌ಎಸ್ ನೀರಿನ ಮಟ್ಟವನ್ನು ಮಕ್ಕಳೇ ಒಂದು ಸಿಎಸ್‌ವಿ ಫೈಲಿಗೆ (ಅಲ್ಪವಿರಾಮ ಹಾಕಿ ಬರೆದ ಸರಳ ಪಟ್ಟಿ) ತುಂಬಿಟ್ಟಿದ್ದರು. ಅದಕ್ಕೆ ಬೊಕೆ ಅನ್ನೋ ಗ್ರಾಫ್ ಲೈಬ್ರರಿಯಲ್ಲಿ ಗ್ರಾಫ್ ಮಾಡಿದೆ. ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಅಲ್ಲೊಂದು ಕೆಂಪು ಗೆರೆ. ಕೆಳಗೆ ಸ್ಲೈಡರ್: ಎಷ್ಟು ದಿನದ ಸರಾಸರಿ ಬೇಕೋ ಅಷ್ಟಕ್ಕೆ ಎಳೆದುಕೊಳ್ಳಬಹುದು. ಪೈಥಾನ್ ಕೋಡನ್ನು ವೆಬ್ ಪುಟ ಮಾಡಿಕೊಡುವ ಪ್ಯಾನೆಲ್ ಲೈಬ್ರರಿಯ ಕನ್ವರ್ಟ್ ಕಮಾಂಡ್ ಕೊಟ್ಟರೆ ಇದೆಲ್ಲ ಎರಡು ಮೂರು ಫೈಲಾಗಿ ಕೈಗೆ ಬರುತ್ತದೆ. ಆಮೇಲೆ ಅದನ್ನು ಯಾವುದಾದರೂ ಸ್ಟಾಟಿಕ್ ಹೋಸ್ಟಿಂಗ್‌ನಲ್ಲಿ, ಅಂದರೆ ಫೈಲುಗಳನ್ನು ಹಾಗೇ ಕಳಿಸುವ ಜಾಗದಲ್ಲಿ, ಇಟ್ಟರಾಯಿತು.

ಪೈಥಾನಿನ ಇನ್ನೊಂದು ಗ್ರಾಫ್ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್ ಬೇಡ ಅಂದಿದ್ದಕ್ಕೆ ಕಾರಣ ಕನ್ನಡ. ಅದರಲ್ಲಿ ಮೊದಲು ಅಕ್ಷರದ ಬದಲು ಬರೀ ಚೌಕಗಳು. ಕನ್ನಡದ ನೋಟೊ ಫಾಂಟ್ ಕೊಟ್ಟರೂ ನನ್ನ ಹತ್ತಿರವಿದ್ದ ಆವೃತ್ತಿಯಲ್ಲಿ 'ಮಟ್ಟ' ಅನ್ನೋದು 'ಮಟ್‌ಟ' ಆಗಿ ನಿಂತಿತು, 'ಕೃಷ್ಣ' 'ಕೃಷ್‌ಣ' ಆಯಿತು. ಬೊಕೆಯಲ್ಲಿ ಅಕ್ಷರ ಬರೆಯೋದು ಬ್ರೌಸರ್ರೇ, ಅದಕ್ಕೆ ಒತ್ತಕ್ಷರ ಚೆನ್ನಾಗಿ ಗೊತ್ತು!

ಲ್ಯಾಬಿನ ನೆಟ್ ಸತ್ತಿತ್ತು. ನನ್ನ ಫೋನಿನ ಹಾಟ್‌ಸ್ಪಾಟ್ ಕೊಟ್ಟೆ. ಪ್ರತಿ ಕಂಪ್ಯೂಟರಿಗೂ ಪೈಥಾನ್, ಪಾಂಡಾಸ್, ಬೊಕೆ ಎಲ್ಲ ಸೇರಿ ಹತ್ತಾರು ಎಂಬಿ ಇಳಿಯಬೇಕು, ಅಷ್ಟು ಹೊತ್ತೂ ಪರದೆ ಮೇಲೆ ಆ ಚಕ್ರ ಸುಮ್ನೆ ತಿರುಗುತ್ತಲೇ ಇತ್ತು. 'ಹ್ಯಾಂಗ್ ಆಯ್ತು ಸರ್' ಅಂತ ಹಿಂದಿನ ಸಾಲಿನಿಂದ ದನಿ. ಇಲ್ಲಪ್ಪ, ಒಂದು ಇಡೀ ಪೈಥಾನ್ ಇಳೀತಾ ಇದೆ, ತಡಿ ಅಂದೆ.

ಎಲ್ಲರಿಗೂ ಗ್ರಾಫ್ ಬಂದ ಮೇಲೆ ಹಾಟ್‌ಸ್ಪಾಟ್ ಆಫ್ ಮಾಡಿ, ಈಗ ಸ್ಲೈಡರ್ ಎಳೀರಿ ಅಂದೆ. ಗೆರೆ ನಯವಾಗುತ್ತಾ ಹೋಯಿತು. 'ಸರ್ವರ್ ಎಲ್ಲಿದೆ ಸರ್ ಹಾಗಾದ್ರೆ?' ಅಂತ ಒಬ್ಬಳು ಕೇಳಿದಳು. ನಿನ್ನ ಬ್ರೌಸರ್ ಟ್ಯಾಬಲ್ಲೇ ಪಾಂಡಾಸ್ ಲೆಕ್ಕ ಹಾಕ್ತಿದೆ ಅಂದರೆ ನಂಬಲಿಲ್ಲ, ಟಾಸ್ಕ್ ಮ್ಯಾನೇಜರ್ ತೆಗೆದು ಬ್ರೌಸರ್ ಎಷ್ಟು ಮೆಮೊರಿ ನುಂಗಿದೆ ನೋಡಿದ ಮೇಲೆ ನಂಬಿದಳು.

ಆಮೇಲೆ ಅವಳದೇ ಇನ್ನೊಂದು ಪ್ರಶ್ನೆ: ದಿನದ ಮಟ್ಟವನ್ನು ಬೇರೆ ವೆಬ್‌ಸೈಟಿಂದ ನೇರ ಎಳೆದುಕೊಳ್ಳಬಹುದಲ್ವಾ? ಆ ಸೈಟಿನವರು ಅನುಮತಿ ಕೊಟ್ಟಿರದಿದ್ದರೆ ಬ್ರೌಸರ್ ಬಿಡಲ್ಲ. ಸದ್ಯಕ್ಕೆ ಸಿಎಸ್‌ವಿಯನ್ನು ಪುಟದ ಜೊತೆಗೇ ಇಟ್ಟಿದ್ದೇವೆ. ಹೊಸ ಅಂಕಿ ಸೇರಿಸುವ ಕೆಲಸ ಅವಳದು.