ಅಮ್ಮನ ಜೊತೆ ರೋಮ್, ಮೂರೇ ದಿನ

ಅಕ್ಟೋಬರ್ ಮಧ್ಯದಲ್ಲಿ ಅಮ್ಮನ್ನ ರೋಮ್‌ಗೆ ಕರ್ಕೊಂಡು ಹೋಗ್ತಾ ಇದೀನಿ. ಶುಕ್ರವಾರ ಮಧ್ಯಾಹ್ನ ಇಳಿಯೋದು, ಸೋಮವಾರ ಸಂಜೆ ವಾಪಸ್, ಅಂದ್ರೆ ಸರಿಯಾಗಿ ಲೆಕ್ಕ ಹಾಕಿದ್ರೆ ಮೂರು ದಿನ. ಅಮ್ಮ ಹಾಸನದಿಂದ ಸೆಪ್ಟೆಂಬರ್ ಕೊನೇಲಿ ಇಲ್ಲಿ ನೆದರ್ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬರ್ತಾರೆ, 67 ವರ್ಷ, ಎಡಗಾಲಿನ ಮಂಡಿ ನೋವು, ಮೊಟ್ಟೆ ಕೂಡ ತಿನ್ನಲ್ಲ. ಫೋನಲ್ಲಿ ರೋಮ್ ವಿಷ್ಯ ಹೇಳಿದಾಗ ಎಷ್ಟು ಖರ್ಚು, ಚಳಿ ಎಷ್ಟು ಅಂತೆಲ್ಲ ಕೇಳ್ತಾರೆ ಅಂದ್ಕೊಂಡಿದ್ದೆ. ಅವ್ರು ಕೇಳಿದ್ದು ಒಂದೇ, "ಅಲ್ಲಿ ಮಧ್ಯೆ ಮಧ್ಯೆ ಕೂತ್ಕೊಳ್ಳೋಕೆ ಜಾಗ ಇರತ್ತೇನೋ?"

ಎರಡು ದಿನ ಆ ಪ್ರಶ್ನೆ ತಲೇಲೇ ಇತ್ತು. ಆಮೇಲೆ ನಾನು ಅಲ್ಲಿವರೆಗೂ ಮಾಡಿಟ್ಟಿದ್ದ ಪ್ಲಾನ್ ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಿದೆ. ಯಾಕಂದ್ರೆ ನೆಟ್‌ನಲ್ಲಿ ಸಿಗೋ "ಮೂರು ದಿನದಲ್ಲಿ ರೋಮ್" ಎಲ್ಲ ಇಪ್ಪತ್ತೈದು ವರ್ಷದ ಕಾಲಿಗೆ ಬರ್ದಿರೋದು, ದಿನಕ್ಕೆ ಇಪ್ಪತ್ತು ಸಾವಿರ ಹೆಜ್ಜೆ, ಬೆಳಗ್ಗೆ ವ್ಯಾಟಿಕನ್, ಮಧ್ಯಾಹ್ನ ಕೊಲೋಸಿಯಂ, ಸಂಜೆ ನಾಲ್ಕು ಚೌಕ. ನಾನೂ 2019ರಲ್ಲಿ ಮೂರು ಜನ ಸ್ನೇಹಿತರ ಜೊತೆ ಹಾಗೇ ನೋಡ್ಕೊಂಡು ಬಂದಿದ್ದೆ. ಈಗ ನೆನಪಿಗೆ ಬರೋದು ಕ್ಯೂ, ಬಿಸಿಲು, ಮತ್ತೆ ಒಂದು ಬೀದಿ ನಲ್ಲಿ.

ಆ ನಲ್ಲಿ ಬಗ್ಗೆ ಹೇಳ್ಲೇಬೇಕು. ರೋಮ್ ತುಂಬ ಸುಮಾರು 2,500 ನಲ್ಲಿಗಳಿವೆ, ಎರಕದ ಕಬ್ಬಿಣದ ಗಿಡ್ಡ ಕಂಬ, ಅದ್ರಿಂದ ಮೂಗಿನ ಥರ ಬಗ್ಗಿರೋ ಕೊಳವೆ, ಅದಕ್ಕೇ ಅವ್ರ ಭಾಷೇಲಿ ನಸೋನೆ, ದೊಡ್ಡ ಮೂಗು ಅಂತ ಹೆಸರು. 1874ರಿಂದ ಹಾಕ್ಕೊಂಡು ಬಂದಿದಾರೆ. ನೀರು ಹಗಲೂ ರಾತ್ರಿ ಹರೀತಾನೇ ಇರತ್ತೆ, ತಣ್ಣಗಿರತ್ತೆ, ಕುಡಿಯೋ ನೀರೇ. ನಾನು ಅವತ್ತು ಬೊಗಸೆ ಹಿಡ್ದು ಬಗ್ಗಿ ಕುಡೀತಾ ಶರ್ಟ್ ಎಲ್ಲ ಒದ್ದೆ ಮಾಡ್ಕೊಳ್ತಾ ಇದ್ದೆ, ಹಿಂದೆ ನಿಂತಿದ್ದ ಒಬ್ಬ ಅಜ್ಜಿ ಬ್ಯಾಗ್ ಕೆಳಗಿಟ್ಟು, ಕೊಳವೆ ಬಾಯನ್ನ ಹೆಬ್ಬೆರಳಿಂದ ಒತ್ತಿ ಮುಚ್ಚಿದ್ರು. ಕೊಳವೆ ಮೇಲ್ಗಡೆ ಒಂದು ಸಣ್ಣ ತೂತಿದೆ, ಅಲ್ಲಿಂದ ನೀರು ಕಮಾನಾಗಿ ಮೇಲಕ್ಕೆ ಚಿಮ್ಮಿತು, ಅಜ್ಜಿ ಬಗ್ಗದೇ ನಿಂತಲ್ಲೇ ಕುಡಿದ್ರು, ಆಮೇಲೆ ಬೆರಳು ತೆಗೀದೇ ನಂಗೆ "ಬಾ ಬಾ" ಅಂತ ತಲೆ ಆಡ್ಸಿದ್ರು. ಅಮ್ಮಂಗೆ ನಾನು ತೋರಿಸ್ಬೇಕು ಅಂತಿರೋ ಮೊದಲನೇ ಜಾಗ ಅದು. ಬಗ್ಗೋ ಹಾಗಿಲ್ಲ ಅಲ್ವಾ ಅವ್ರು, ಆ ತೂತು ಅವ್ರಿಗೇ ಅಂತ ಮಾಡ್ದಂಗಿದೆ.

ಹಾಗಾಗಿ ಈ ಸಲ ನಿಯಮ ಇಷ್ಟೇ, ದಿನಕ್ಕೆ ಒಂದೇ ದೊಡ್ಡ ಜಾಗ, ಅದೂ ಬೆಳಗ್ಗೆ. ಮಧ್ಯಾಹ್ನ ಊಟ ಮಾಡಿ ರೂಮಲ್ಲಿ ನಿದ್ದೆ. ಸಂಜೆ ಕೂರೋಕೆ ಜಾಗ ಇರೋ ಕಡೆ ಮಾತ್ರ. ಇಷ್ಟು ಮಾಡಿದ್ರೆ ಅರ್ಧ ರೋಮ್ ಬಿಟ್ಟು ಹೋಗತ್ತೆ, ಹೋಗ್ಲಿ.

ಕಾಗದ ಪತ್ರದ ವಿಷ್ಯ ಬೇಗ ಮುಗಿಸ್ತೀನಿ. ಅಮ್ಮಂದು ನೆದರ್ಲ್ಯಾಂಡ್ಸ್ ಕೊಟ್ಟಿರೋ ಶೆಂಗೆನ್ ವೀಸಾ, ಅದರಲ್ಲೇ ಇಟಲಿಗೂ ಹೋಗ್ಬಹುದು, 180 ದಿನದಲ್ಲಿ 90 ದಿನ ಇರ್ಬಹುದು ಅನ್ನೋ ಲೆಕ್ಕ ಎಲ್ಲಾ ಶೆಂಗೆನ್ ದೇಶಕ್ಕೂ ಸೇರಿಸಿ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋಗೆ ಇರ್ಬೇಕು, ಅದರ ಪ್ರಿಂಟ್ ಒಂದು ಬ್ಯಾಗಲ್ಲಿ. ಶೆಂಗೆನ್ ಒಳಗಡೆ ಫ್ಲೈಟ್, ಯಾರೂ ಕೇಳಲ್ಲ ಅಂತ ಪಾಸ್‌ಪೋರ್ಟ್ ಮನೇಲಿ ಬಿಡೋ ಹಾಗಿಲ್ಲ, ರೂಮ್ ಚೆಕ್ ಇನ್‌ಗೂ ಅದು ಬೇಕು. ರೂಮ್ ಬಾಡಿಗೆ ಬಿಟ್ಟು ತಲೆಗೆ, ರಾತ್ರಿಗೆ ಇಷ್ಟು ಅಂತ ನಗರದ ಟ್ಯಾಕ್ಸ್ ಬೇರೆ ಇರತ್ತೆ, ಬಹಳ ಕಡೆ ಅದನ್ನ ಅಲ್ಲೇ ಕೊಡ್ಬೇಕು, ಸ್ವಲ್ಪ ಕ್ಯಾಶ್ ಇಟ್ಕೊಳ್ಳಿ.

ಉಳಿಯೋ ಜಾಗ ಹುಡುಕೋಕೆ ಮಾತ್ರ ನಾಲ್ಕು ಸಂಜೆ ಹೋಯ್ತು. ಹೋದ್ಸಲ ನಾವು ಬುಕ್ ಮಾಡಿದ್ದ ಮನೆ ಫೋಟೋದಲ್ಲಿ ತುಂಬ ಚೆನ್ನಾಗಿತ್ತು, ಹೋಗಿ ನೋಡಿದ್ರೆ ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ, ಸುರುಳಿ ಮೆಟ್ಟಿಲು. ಅಮ್ಮನ್ನ ಹಾಗೆ ಹತ್ತಿಸೋಕಾಗಲ್ಲ. ಹಳೇ ಊರಿನ ಕಟ್ಟಡಗಳು ಸುಮಾರು ಹಾಗೇನೇ, ಅದಕ್ಕೆ ಈ ಸಲ ಪ್ರತಿಯೊಬ್ಬರಿಗೂ ಮೆಸೇಜ್ ಮಾಡಿ ಎರಡು ಪ್ರಶ್ನೆ ಕೇಳಿದೆ: ಲಿಫ್ಟ್ ಇದ್ಯಾ, ಲಿಫ್ಟ್‌ಗಿಂತ ಮುಂಚೆ ಎಷ್ಟು ಮೆಟ್ಟಿಲು. ಎರಡನೇ ಪ್ರಶ್ನೆ ಮರೀಬೇಡಿ, ಬೀದಿಯಿಂದ ಲಿಫ್ಟ್ ಹತ್ರ ಹೋಗೋಕೇ ಹತ್ತು ಹನ್ನೆರಡು ಮೆಟ್ಟಿಲು ಇರೋ ಕಟ್ಟಡಗಳಿವೆ. ಕೊನೆಗೆ ಪಿಯಾಜ್ಜಾ ವಿಟ್ಟೋರಿಯೋ ಅನ್ನೋ ಚೌಕದ ಹತ್ರ ಅಡುಗೆಮನೆ ಇರೋ ಒಂದು ಚಿಕ್ಕ ಮನೆ ಹಿಡ್ದೆ. ಆ ಕಡೆ ಅಷ್ಟು ಚಂದ ಇಲ್ಲ ಅಂತ ಸುಮಾರು ಜನ ಬರೀತಾರೆ, ಆದ್ರೆ ನಮಗೆ ಅದೇ ಸರಿ, ಟೆರ್ಮಿನಿ ಸ್ಟೇಷನ್ ಹತ್ರ, ಪಕ್ಕದಲ್ಲೇ ಎಸ್ಕ್ವಿಲಿನೋ ಮಾರ್ಕೆಟ್, ಸುತ್ತ ಬಾಂಗ್ಲಾದವರ ಅಂಗಡಿಗಳು, ಅಕ್ಕಿ, ಬೇಳೆ, ಹಸಿಮೆಣಸಿನಕಾಯಿ ಎಲ್ಲ ಸಿಗತ್ತೆ. ಅಮ್ಮ ಪುಳಿಯೋಗರೆ ಗೊಜ್ಜು ತರ್ತಾರೆ, ಅನ್ನ ಮಾಡ್ಕೊಂಡ್ರೆ ರಾತ್ರಿ ಊಟದ ಚಿಂತೆ ಮುಗೀತು.

ಹೊರಗಡೆ ತಿನ್ನೋಕೆ ಸಸ್ಯಾಹಾರಿಗಳಿಗೆ ರೋಮ್ ಕಷ್ಟ ಏನಿಲ್ಲ, ಆದ್ರೆ ಕೆಲವು ಕಡೆ ಕಣ್ಣಿಟ್ಟಿರ್ಬೇಕು. ಪೆಕೊರೀನೋ ರೊಮಾನೋ ಚೀಸ್‌ನ ಕುರಿಮರಿ ಹೊಟ್ಟೆಯಿಂದ ತೆಗೆಯೋ, ಹಾಲು ಹೆಪ್ಪುಗಟ್ಟಿಸೋ ರೆನೆಟ್ ಹಾಕಿ ಮಾಡ್ತಾರೆ, ರೋಮ್‌ನ ಹೆಸರುವಾಸಿ ಕಾಚೋ ಎ ಪೆಪೆ ಪಾಸ್ಟಾದಲ್ಲಿ ಇರೋದೇ ಅದು. ನೋಡೋಕೆ ಬರೀ ಚೀಸು ಕಾಳುಮೆಣಸಿನ ಪುಡಿ, ಆದ್ರೆ ಅಮ್ಮಂಗೆ ಗೊತ್ತಿಲ್ಲದೇ ಅದನ್ನ ತಿನ್ನಿಸೋದು ತಪ್ಪು, ಹೇಳ್ತೀನಿ, ಅವ್ರೇ ತೀರ್ಮಾನ ಮಾಡ್ಲಿ. ಫ್ರೆಶ್ ಪಾಸ್ಟಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರತ್ತೆ, ಒಣ ಪಾಸ್ಟಾದಲ್ಲಿ ಸಾಮಾನ್ಯವಾಗಿ ಇರಲ್ಲ. ಪುಂತಾರೆಲ್ಲೆ ಅಂತ ಸೊಪ್ಪಿನ ಸಲಾಡ್ ಬರತ್ತೆ, ಅದರ ಮಸಾಲೆಗೆ ಸಣ್ಣ ಮೀನು ಅರೆದು ಹಾಕಿರ್ತಾರೆ. ನಿಶ್ಚಿಂತೆಯಿಂದ ಕೊಡಬಹುದಾದ್ದು ಪಿಜ್ಜಾ ಮರಿನಾರಾ, ಅದರಲ್ಲಿ ಚೀಸೇ ಇಲ್ಲ, ಟೊಮೇಟೊ, ಬೆಳ್ಳುಳ್ಳಿ, ಓರೆಗಾನೋ ಸೊಪ್ಪು, ಎಣ್ಣೆ ಅಷ್ಟೆ. ತುಂಡು ಪಿಜ್ಜಾ ಅಂಗಡಿಗಳಲ್ಲಿ ಕತ್ತರೀಲಿ ಕತ್ತರಿಸಿ ತೂಕ ಹಾಕಿ ಕೊಡ್ತಾರೆ, ಇಷ್ಟು ಸಾಕು ಅಂತ ಬೆರಳಲ್ಲೇ ತೋರಿಸ್ಬಹುದು. "ಸೆಂಜಾ ಕಾರ್ನೆ, ಸೆಂಜಾ ಪೆಶೆ, ಸೆಂಜಾ ವೋವಾ", ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಇಷ್ಟು ಇಟಾಲಿಯನ್ ಅಮ್ಮಂಗೆ ಕಲಿಸ್ತಾ ಇದೀನಿ, ಈಗಾಗ್ಲೇ ನಂಗಿಂತ ಚೆನ್ನಾಗಿ ಹೇಳ್ತಾರೆ.

ಈಗ ದಿನಗಳ ಲೆಕ್ಕ. ಶುಕ್ರವಾರ ಫಿಯುಮಿಚಿನೋ ಏರ್‌ಪೋರ್ಟಲ್ಲಿ ಇಳಿದು ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು, ನಡುವೆ ಎಲ್ಲೂ ನಿಲ್ಲಲ್ಲ, 32 ನಿಮಿಷಕ್ಕೆ ಟೆರ್ಮಿನಿ. ಅಮ್ಮ ಸುಸ್ತಾಗಿದ್ರೆ ಬಿಳೀ ಟ್ಯಾಕ್ಸಿ, ಔರೇಲಿಯನ್ ಗೋಡೆ ಅನ್ನೋ ಹಳೇ ಕೋಟೆಗೋಡೆ ಒಳಗಿನ ಊರಿಗೆ ಏರ್‌ಪೋರ್ಟಿಂದ ನಿಗದಿ ದರ ಇದೆ, ಹತ್ತೋ ಮುಂಚೆ ಆ ದರ ಕೇಳಿ ಖಚಿತ ಮಾಡ್ಕೊಂಡ್ರೆ ಆಯ್ತು. ಮಲಗಿ ಎದ್ದು ಸಂಜೆ ಪಿಯಾಜ್ಜಾ ನವೋನಾ. ಇದನ್ನ ಮೊದಲನೇ ಸಂಜೆಗೇ ಇಟ್ಟಿರೋದಕ್ಕೆ ಕಾರಣ ಇದೆ. ಒಂದು, ಅಲ್ಲಿ ಗಾಡಿ ಓಡಾಡಲ್ಲ, ಕಲ್ಲಿನ ಬೆಂಚುಗಳಿವೆ, ಎಷ್ಟು ಹೊತ್ತಾದ್ರೂ ಕೂರ್ಬಹುದು. ಇನ್ನೊಂದು, ಅಲ್ಲಿ ಗಂಗೆ ಇದಾಳೆ.

ನಿಜವಾಗ್ಲೂ. ಚೌಕದ ಮಧ್ಯೆ ಶಿಲ್ಪಿ ಬರ್ನಿನಿ 1651ರಲ್ಲಿ ಮುಗಿಸಿದ ನಾಲ್ಕು ನದಿಗಳ ಕಾರಂಜಿ ಇದೆ, ಯೂರೋಪಿಗೆ ಡ್ಯಾನ್ಯೂಬ್, ಆಫ್ರಿಕಾಗೆ ನೈಲ್, ಅಮೆರಿಕಾಗೆ ರಿಯೋ ದೆ ಲಾ ಪ್ಲಾಟಾ, ಏಷ್ಯಾಗೆ ಗಂಗಾ. ನೈಲ್ ಮುಖದ ಮೇಲೆ ಬಟ್ಟೆ ಮುಸುಕು, ಆಗಿನ್ನೂ ಅದು ಎಲ್ಲಿ ಹುಟ್ಟತ್ತೆ ಅಂತ ಅವರಿಗೆ ಗೊತ್ತಿರ್ಲಿಲ್ಲ. ಗಂಗಾ ಕೈಯಲ್ಲಿ ಉದ್ದದ ಹುಟ್ಟು, ದೋಣಿ ನಡೆಸೋವಷ್ಟು ದೊಡ್ಡ ನದಿ ಅಂತ ಅರ್ಥ. ಹೋದ್ಸಲ ನಾನು ಅದರ ಪಕ್ಕದಲ್ಲೇ ಹಾದು ಹೋಗಿದೀನಿ, ಫೋಟೋ ಕೂಡ ಇದೆ, ಆದ್ರೆ ಅದು ಗಂಗಾ ಅಂತ ಗೊತ್ತಾಗಿದ್ದು ಊರಿಗೆ ವಾಪಸ್ ಬಂದು ಓದಿದ್ಮೇಲೆ. ಆ ಬೇಜಾರು ಇವತ್ತಿಗೂ ಇದೆ. ಕಳೆದ ವಾರ ಅಮ್ಮಂಗೆ ಆ ಫೋಟೋ ಕಳ್ಸಿದೆ. ಅವರ ಮನೆ ದೇವರ ಗೂಡಲ್ಲಿ ಕಾಶಿಯಿಂದ ತಂದ ಗಂಗೆ ತಾಮ್ರದ ಗಿಂಡಿ ನಲವತ್ತು ವರ್ಷದಿಂದ ಹಾಗೇ ಇದೆ, ಬೆಸುಗೆ ಒಡೆದಿಲ್ಲ. ಫೋಟೋ ಜೂಮ್ ಮಾಡಿ ನೋಡಿ ಫೋನ್ ಮಾಡಿದ್ರು, "ಇದು ಗಂಡಸಲ್ವೇನೋ, ಗಡ್ಡ ಇದೆ." ಹೌದಮ್ಮ, ಅವ್ರ ಕಡೆ ನದಿಗಳು ಗಂಡು ದೇವರು ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಇರ್ಲಿ, ನೀರು ತಾನೇ" ಅಂದ್ರು.

ಅಲ್ಲಿಂದ ಐದು ನಿಮಿಷ ನಡೆದ್ರೆ ಸಾನ್ ಲುಯಿಜಿ ದೇಯಿ ಫ್ರಾಂಚೇಸಿ ಅನ್ನೋ ಚರ್ಚು, ಪ್ರವೇಶ ಉಚಿತ, ಒಳಗೆ ಕರವಾಜ್ಜೋ ಬರೆದ ಸಂತ ಮ್ಯಾಥ್ಯೂನ ಮೂರು ಚಿತ್ರಗಳು. ಮೂಲೇಲಿ ಕತ್ತಲು, ಡಬ್ಬಿಗೆ ನಾಣ್ಯ ಹಾಕಿದ್ರೆ ದೀಪ ಹತ್ತತ್ತೆ, ಸ್ವಲ್ಪ ಹೊತ್ತಿಗೆ ಆರತ್ತೆ, ಯಾರಾದ್ರೂ ಇನ್ನೊಂದು ನಾಣ್ಯ ಹಾಕ್ತಾರೆ. ಬೆಂಚು ಇದೆ. ಚಿಲ್ಲರೆ ಇಟ್ಕೊಂಡಿರ್ಬೇಕು.

ಶನಿವಾರ ಬೆಳಗ್ಗೆ ಸಂತ ಪೀಟರ್ ಬೆಸಿಲಿಕಾ. ಏಳು ಗಂಟೆಗೆ ತೆಗೀತಾರೆ, ಆಗ ಹೋದ್ರೆ ಸೆಕ್ಯುರಿಟಿ ಕ್ಯೂ ಚಿಕ್ಕದು, ಒಂಬತ್ತರ ಮೇಲೆ ಆದ್ರೆ ಬಿಸಿಲಲ್ಲಿ ನಿಲ್ಬೇಕು. ಟಿಕೆಟ್ ಇಲ್ಲ. ಭುಜ, ಮಂಡಿ ಮುಚ್ಚಿರ್ಬೇಕು ಅನ್ನೋ ನಿಯಮ, ಅಮ್ಮನ ಸೀರೆಗೆ ಆ ಚಿಂತೆ ಇಲ್ಲ. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಪೋಪ್ ಕಿಟಕಿಗೆ ಬರೋದ್ರಿಂದ ಜನ ಜಾಸ್ತಿ, ಬುಧವಾರ ಬೆಳಗ್ಗೆ ಸಭೆ ಇರತ್ತೆ, ಅದಕ್ಕೆ ಶನಿವಾರ. ಗುಮ್ಮಟ ಹತ್ತಲ್ಲ, ಲಿಫ್ಟ್ ತಗೊಂಡ್ರೂ ಮೇಲೆ 320 ಮೆಟ್ಟಿಲು ಉಳಿಯತ್ತೆ. ವ್ಯಾಟಿಕನ್ ಮ್ಯೂಸಿಯಂ ಬಿಡ್ತಾ ಇದೀನಿ, ಸಿಸ್ಟೀನ್ ಚಾಪೆಲ್ ಸೇರಿ. ತುಂಬ ಯೋಚನೆ ಮಾಡಿ ತಗೊಂಡ ತೀರ್ಮಾನ ಇದು. ಒಳಗೆ ದಾರಿ ಉದ್ದ, ಜನರ ಮಧ್ಯೆ ತಳ್ಳಿಸ್ಕೊಂಡು ಹೋಗ್ಬೇಕು, ಚಾಪೆಲ್ ಹೊತ್ತಿಗೆ ಅಮ್ಮನ ಮಂಡಿ ಮುಗಿದಿರತ್ತೆ. ಬದಲಿಗೆ ಬೆಸಿಲಿಕಾ ಬಾಗಿಲು ದಾಟಿದ ತಕ್ಷಣ ಬಲಗಡೆ ಇರೋ ಪಿಯೆತಾ ಮುಂದೆ ಎಷ್ಟು ಹೊತ್ತು ಬೇಕಾದ್ರೂ ನಿಂತ್ಕೊಳ್ಳಿ. ಸತ್ತ ಮಗನ್ನ ತೊಡೆ ಮೇಲೆ ಹಾಕ್ಕೊಂಡು ಕೂತಿರೋ ತಾಯಿ, ಮೈಕೆಲಾಂಜೆಲೋ ಇಪ್ಪತ್ತರ ಹರೆಯದಲ್ಲಿ ಕೆತ್ತಿದ್ದು. 1972ರಲ್ಲಿ ಒಬ್ಬ ಸುತ್ತಿಗೆಯಿಂದ ಹೊಡೆದ, ಅವತ್ತಿಂದ ಗಾಜಿನ ಹಿಂದೆ ಇಟ್ಟಿದಾರೆ. ಅದನ್ನ ನೋಡೋಕೆ ಅಮ್ಮಂಗೆ ಯಾರ ವಿವರಣೆನೂ ಬೇಕಾಗಲ್ಲ. ಟೆರ್ಮಿನಿಯಿಂದ ಹೋಗೋ 64ನೇ ನಂಬರ್ ಬಸ್ಸಲ್ಲಿ ಜೇಬುಗಳ್ಳರು ಜಾಸ್ತಿ, ಬ್ಯಾಗ್ ಮುಂದೆ ಹಾಕ್ಕೊಂಡು ಕೂರ್ಬೇಕು.

ಸಂಜೆ ಪ್ಯಾಂಥಿಯನ್ ಅನ್ನೋ ಹಳೇ ರೋಮನ್ ದೇವಸ್ಥಾನ, ಟಿಕೆಟ್ ಇದೆ, ಒಳಗೆ ಕೂರೋಕೆ ಬೆಂಚು. 43 ಮೀಟರ್ ಅಗಲದ ಗುಮ್ಮಟ, ಅಷ್ಟೇ ಎತ್ತರ, ಕಬ್ಬಿಣ ಹಾಕದ ಕಾಂಕ್ರೀಟು, ಸುಮಾರು 1,900 ವರ್ಷ ಆಯ್ತು ನಿಂತು. ನೆತ್ತೀಲಿ ದೊಡ್ಡ ತೂತು, ಮಳೆ ಬಂದ್ರೆ ನೇರ ನೆಲದ ಮೇಲೆ ಬೀಳತ್ತೆ, ನೆಲ ಸ್ವಲ್ಪ ಉಬ್ಬಿಸಿ ಕೆಳಗೆ ಸಣ್ಣ ಸಣ್ಣ ತೂತು ಬಿಟ್ಟಿದಾರೆ, ನೀರು ಹರ್ದು ಹೋಗತ್ತೆ. ನಮ್ಮ ತೊಟ್ಟಿಮನೆ ಅಂಗಳ ನೋಡಿದವರಿಗೆ ಇದು ಥಟ್ ಅಂತ ಅರ್ಥ ಆಗತ್ತೆ. ಅವತ್ತು ಮಳೆ ಬರ್ಲಿ ಅಂತ ಆಸೆ ಇದೆ.

ಭಾನುವಾರ ಕೊಲೋಸಿಯಂ. ತಿಂಗಳ ಮೊದಲನೇ ಭಾನುವಾರ ಉಚಿತ, ಅವತ್ತು ದಯವಿಟ್ಟು ಹೋಗ್ಬೇಡಿ, ನಾವೂ ತಪ್ಪಿಸ್ತಾ ಇದೀವಿ. ಉಳಿದ ಭಾನುವಾರ ಒಳ್ಳೇದು, ಮುಂದಿನ ದೊಡ್ಡ ರಸ್ತೇಲಿ ಅವತ್ತು ಗಾಡಿ ಬಿಡಲ್ಲ. ಟಿಕೆಟ್ 30 ದಿನ ಮುಂಚೆ ಅಧಿಕೃತ ಸೈಟಲ್ಲಿ ಬಿಡ್ತಾರೆ, ಬೇಗ ಖಾಲಿ ಆಗತ್ತೆ, ಟಿಕೆಟ್ ಮೇಲೆ ಹೆಸರಿರತ್ತೆ, ಪಾಸ್‌ಪೋರ್ಟಲ್ಲಿರೋ ಥರಾನೇ ಹಾಕಿ. ನಮ್ಮ ಕಡೆ ಇನಿಷಿಯಲ್ ಒಂದ್ಕಡೆ ಬಿಡಿಸಿ ಇನ್ನೊಂದ್ಕಡೆ ಹಾಗೇ ಇರತ್ತಲ್ಲ, ಅಲ್ಲಿ ಹುಷಾರು. ಹತ್ತಾರು ಸಾವಿರ ಜನ ಕೂತು ನೋಡ್ಲಿ ಅಂತ ಕ್ರಿ.ಶ. 80ರಲ್ಲಿ ತೆರೆದ ಕಟ್ಟಡ ಅದು, ಆ ಆಸನಗಳ ಅಮೃತಶಿಲೆನೆಲ್ಲ ಶತಮಾನಗಳ ಕಾಲ ಬೇರೆ ಕಟ್ಟಡಗಳಿಗೆ ಕಿತ್ಕೊಂಡು ಹೋಗಿದಾರೆ, ಈಗ ಕೂರೋಕೆ ಜಾಗ ಕಡಿಮೆ. ಮಡಚೋ ಸ್ಟೂಲ್ ತಗೊಳ್ಳೋದಾ ಅಂತ ನೋಡ್ತಾ ಇದೀನಿ. ಮೇಲೆ ಹೋಗೋಕೆ ಲಿಫ್ಟ್ ಇದೆ. ಪಕ್ಕದ ಫೋರಂ, ಅಂದ್ರೆ ಹಳೇ ರೋಮ್‌ನ ಊರ ಚೌಕದ ಅವಶೇಷ, ಅದರೊಳಗೆ ಇಳಿಯಲ್ಲ, ನೆಲ ಏರುಪೇರು, ಕ್ಯಾಪಿಟೋಲಿನ್ ಗುಡ್ಡದ ಹಿಂದಿಂದ ಪೂರ್ತಿ ಕಾಣತ್ತೆ, ಸಂಜೆ ಬಿಸಿಲಲ್ಲಿ ಅಲ್ಲಿಂದಾನೇ ನೋಡೋದು.

ಸ್ಪ್ಯಾನಿಷ್ ಸ್ಟೆಪ್ಸ್ ಕೈಬಿಟ್ಟೆ. 2019ರಿಂದ ಆ ಮೆಟ್ಟಿಲ ಮೇಲೆ ಕೂತ್ರೆ ದಂಡ, 400 ಯೂರೋವರೆಗೂ. ಅಮ್ಮಂಗೆ ಆ ಮೆಟ್ಟಿಲು ತೋರಿಸಿ ಕೂರ್ಬೇಡ ಅನ್ನೋಕಾಗಲ್ಲ.

ಸೋಮವಾರ ಬೆಳಗ್ಗೆ ಆರೂವರೆಗೆ ಟ್ರೆವಿ, ಆ ಹೊತ್ತಲ್ಲಿ ಜನ ಕಡಿಮೆ. ಕಾರಂಜಿ ಕಟ್ಟಿ ಮುಗಿಸಿದ್ದು 1762ರಲ್ಲಿ, ಆದ್ರೆ ಅದಕ್ಕೆ ನೀರು ತರೋ ಕಾಲುವೆ ಕ್ರಿ.ಪೂ. 19ರಲ್ಲಿ ರೋಮನ್ ಸೇನಾಪತಿ ಅಗ್ರಿಪ್ಪ ಕಟ್ಟಿಸಿದ್ದು. ಜನ ಹಾಕಿದ ನಾಣ್ಯ ಎಲ್ಲ ತೆಗೆದು ಕಾರಿತಾಸ್ ಸಂಸ್ಥೆಗೆ ಕೊಡ್ತಾರೆ, ಬಡವರ ಊಟಕ್ಕೆ ಹೋಗತ್ತೆ. ಅಮ್ಮ ನದಿ ಕಂಡಲ್ಲೆಲ್ಲ ಸೇತುವೆ ಮೇಲಿಂದ ಕಾಸು ಹಾಕೋರು, ಹೇಮಾವತಿಗೂ ಹಾಕ್ತಾರೆ, ಇಲ್ಲೂ ಹಾಕ್ತಾರೆ. ಆಮೇಲೆ ಎಸ್ಕ್ವಿಲಿನೋ ಮಾರ್ಕೆಟ್ ಒಂದು ಸುತ್ತು, ಊಟ, ಏರ್‌ಪೋರ್ಟ್.

ಇನ್ನು ಉಳಿದಿರೋದು ಚಪ್ಪಲಿ ವಿಷ್ಯ. ರೋಮ್ ಬೀದಿಗೆ ಹಾಸಿರೋದು ಸಾಂಪಿಯೆತ್ರೀನಿ ಅನ್ನೋ ಕರೀ ಕಲ್ಲು, ಅಂಗೈಯಷ್ಟಗಲ, ಮೇಲೆ ಉಬ್ಬು, ಸಂದೀಲಿ ಹಳ್ಳ, ಮಳೆ ಬಂದ್ರೆ ಜಾರತ್ತೆ. ಅಮ್ಮ ಜೀವನದಲ್ಲಿ ಶೂ ಹಾಕಿಲ್ಲ, ಸೀರೆಗೆ ಶೂನಾ ಅಂತಾರೆ. ನಿನ್ನೆ ಅಕ್ಕಂಗೆ ಫೋನ್ ಮಾಡಿ ಒಂದು ಕಾಗದದ ಮೇಲೆ ಅಮ್ಮನ ಎರಡೂ ಪಾದ ನಿಲ್ಲಿಸಿ ಪೆನ್ಸಿಲ್ಲಲ್ಲಿ ಗೆರೆ ಎಳೆದು ಕಳ್ಸು ಅಂದಿದ್ದೆ. ಇವತ್ತು ಬಂತು. ಎಡಗಾಲಿನ ಹೆಬ್ಬೆರಳ ಹತ್ರ ಗೆರೆ ಸ್ವಲ್ಪ ಹೊರಗೆ ಉಬ್ಬಿದೆ, ನಂಗೆ ಇಷ್ಟು ವರ್ಷ ಅದು ಗೊತ್ತೇ ಇರ್ಲಿಲ್ಲ. ಅಗಲದ ಶೂ ಬೇಕು. ಶನಿವಾರ ಅಂಗಡಿಗೆ ಆ ಕಾಗದ ತಗೊಂಡು ಹೋಗ್ತಾ ಇದೀನಿ.