ನನ್ನ ಖಾತೆಗೂ ಬರುವ ಎಣ್ಣೆಯ ಹಣ

ಅಕ್ಟೋಬರ್‌ನಲ್ಲಿ ಇಲ್ಲಿನ ನೆಲದ ಮೇಲೆ ಹಿಮ ಕೂರುವ ಹೊತ್ತಿಗೆ ನನ್ನ ಬ್ಯಾಂಕ್ ಖಾತೆಗೆ ಎಣ್ಣೆಯ ಹಣ ಬಂದು ಬೀಳುತ್ತದೆ. ಅಮೆರಿಕದ ಅಲಾಸ್ಕಾ ರಾಜ್ಯವು 1976ರಲ್ಲಿ ತನ್ನ ಸಂವಿಧಾನವನ್ನೇ ತಿದ್ದಿ, ತೈಲದ ರಾಜಧನದಲ್ಲಿ (ರಾಯಲ್ಟಿಯಲ್ಲಿ) ಕನಿಷ್ಠ ಕಾಲು ಭಾಗವನ್ನು ಶಾಶ್ವತ ನಿಧಿಯಲ್ಲಿ ಇಡಬೇಕೆಂದು ಗೊತ್ತುಮಾಡಿತು. ಅದರ ಗಳಿಕೆಯಿಂದ 1982ರಿಂದೀಚೆಗೆ, ಕೈಗೂಸನ್ನೂ ಬಿಡದೆ, ಅರ್ಹ ನಿವಾಸಿಗಳಿಗೆಲ್ಲ ಪಾಲು ಸಿಗುತ್ತಿದೆ. 2022ರಲ್ಲಿ ತಲೆಗೆ 3,284 ಡಾಲರ್ ಬಂದಿತ್ತು, ಮರುವರ್ಷ 1,312. ಅರ್ಜಿಯಲ್ಲಿ, ಅಲಾಸ್ಕಾದಲ್ಲೇ ನೆಲೆಸುವ ಇರಾದೆ ಇದೆಯೆಂದು ಒಪ್ಪಿಕೊಳ್ಳಬೇಕು. ಆ ಸಾಲನ್ನು ಅಮ್ಮನಿಗೆ ಇನ್ನೂ ಓದಿ ಹೇಳಿಲ್ಲ.

ನಮ್ಮದು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ. ತಾತ ಚಾಂಪಿಯನ್ ರೀಫ್ ಗಣಿಗೆ ಇಳಿಯುತ್ತಿದ್ದರು. ಅವರಿಗೆ ಕೂಲಿಯಿತ್ತು, ಪಾಲೆಂಬುದಿರಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಊರಿಗೆ ಉಳಿದದ್ದು ಬೆಂಗಳೂರಿನ ದುಡಿಮೆಗೆ ನಸುಕಿನಲ್ಲೇ ಹೊರಡುವ ರೈಲು ಮತ್ತು ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸೈನೈಡ್ ಗುಡ್ಡಗಳು. ಬೇಸಿಗೆಯ ಗಾಳಿ ಎದ್ದರೆ ಅಜ್ಜಿ ಮೊದಲು ನೀರಿನ ಕೊಡಕ್ಕೆ ಬಟ್ಟೆ ಕಟ್ಟಿ, ಆಮೇಲೆ ಒಣಹಾಕಿದ ಸೀರೆ ತೆಗೆಯಲು ಓಡುತ್ತಿದ್ದರು. ಆದರೂ ಸಂಜೆಗೆ ಸೀರೆಯ ಮಡಿಕೆಗಳಲ್ಲಿ ಬೂದುಬಣ್ಣದ ನುಣುಪು ಪುಡಿ ಕಾಣುತ್ತಿತ್ತು. ಆದ್ದರಿಂದ ಅಲಾಸ್ಕಾದ ಏರ್ಪಾಡು ಕಂಡಾಗ ನನಗೆ ಹೊಟ್ಟೆಕಿಚ್ಚಾದದ್ದು ನಿಜ.

ಫೇರ್‌ಬ್ಯಾಂಕ್ಸ್‌ನಿಂದ ತುಸು ದೂರದಲ್ಲಿ ತೈಲದ ಕೊಳವೆಯನ್ನು ಹತ್ತಿರದಿಂದ ನೋಡಬಹುದು. ನಾಲ್ಕಡಿ ಅಗಲದ ಈ ಕೊಳವೆ, 1968ರಲ್ಲಿ ತೈಲ ಸಿಕ್ಕ ಪ್ರುಡೋ ಕೊಲ್ಲಿಯಿಂದ ವಾಲ್ಡೀಜ್ ಬಂದರಿನವರೆಗೆ ಸುಮಾರು 1,300 ಕಿಲೋಮೀಟರ್ ಸಾಗುತ್ತದೆ. ಬಿಸಿಯಾದ ತೈಲದಿಂದ ಕೆಳಗಿನ ಸದಾ ಹೆಪ್ಪುಗಟ್ಟಿರುವ ನೆಲ ಕರಗಿ ಕುಸಿಯದಿರಲೆಂದು ಅರ್ಧಕ್ಕಿಂತ ಹೆಚ್ಚು ದೂರ ಅದನ್ನು ಕಂಬಗಳ ಮೇಲೇರಿಸಿದ್ದಾರೆ. ಹಲವು ಕಂಬಗಳ ಒಳಗೆ, ಚಳಿಗಾಲದಲ್ಲಿ ನೆಲದ ಶಾಖವನ್ನು ಹೀರಿ ಹೊರಬಿಡಲು ಅಮೋನಿಯಾ ತುಂಬಿದ ನಳಿಗೆಗಳಿವೆ. ಇಷ್ಟು ನಾಜೂಕಿನ ಕೊಳವೆ ದಾಟಿ ಬಂದ ತೈಲವೇ 1989ರಲ್ಲಿ, ಅದನ್ನು ಹೊತ್ತ ಹಡಗು ಬಂಡೆಗೆ ತಗುಲಿ, 4 ಕೋಟಿ ಲೀಟರ್‌ನಷ್ಟು ಸಮುದ್ರ ಸೇರಿತು. ಅಲ್ಲಿನ ಹೆರಿಂಗ್ ಮೀನುಗಾರಿಕೆ ಇನ್ನೂ ಚೇತರಿಸಿಕೊಂಡಿಲ್ಲ.

ಉತ್ತರದ ನುಯಿಕ್ಸಟ್ ಎಂಬ ಪುಟ್ಟ ಹಳ್ಳಿಯ ವಿಷಯ ಇನ್ನೂ ಸಿಕ್ಕಿನದು. ಕ್ಯಾರಿಬೂ ಜಿಂಕೆಯ ಬೇಟೆಯನ್ನು ನಂಬಿದ ಅಲ್ಲಿನ ಇನ್ಯೂಪಿಯಾಟ್ ಮೂಲನಿವಾಸಿಗಳಲ್ಲಿ ಹಲವರು, 2023ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಒಪ್ಪಿದ ವಿಲ್ಲೋ ತೈಲ ಯೋಜನೆ ಬೇಡವೆಂದರು. ಅದೇ ಪ್ರದೇಶದ ಆಡಳಿತ ಬೇಕೆಂದಿತು, ಏಕೆಂದರೆ ಆ ಭಾಗದ ಶಾಲೆ, ಆಸ್ಪತ್ರೆ, ನಲ್ಲಿ ನೀರಿಗೆಲ್ಲ ತೈಲದ ತೆರಿಗೆಯೇ ಆಸರೆ. ಅದನ್ನು ದುರಾಸೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ 2022ರ ಮಾರ್ಚ್‌ನಲ್ಲಿ ಹತ್ತಿರದ ತೈಲ ನೆಲೆಯಲ್ಲಿ ಅನಿಲ ಸೋರಿದಾಗ, ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟವರು ನುಯಿಕ್ಸಟ್‌ನವರೇ. ಪಾಲು ಅವರಿಗೂ ನನಗೂ ಒಂದೇ.

ಕಳೆದ ಬಾರಿ ಹಣ ಬಂತೆಂದು ಹೇಳಿದಾಗ ಅಮ್ಮ ಎಷ್ಟೆಂದು ಕೇಳಲಿಲ್ಲ. "ಅಲ್ಲಿ ಧೂಳು ಯಾರ ಮನೆ ಮೇಲೆ ಬೀಳುತ್ತಪ್ಪ?" ಎಂದರು. ನಾನಿರುವ ಮನೆಯಿಂದ ಸುಮಾರು 600 ಕಿಲೋಮೀಟರ್ ದೂರದಲ್ಲಿ ಎಂದೆ.