ಹೊಗೆ ಡ್ರಮ್ಮಿನಲ್ಲಿ ಮಟನ್ ಕಹಿಯಾಗುವುದು ಯಾಕೆ

ಕಲಬುರಗಿ ಕಡೆಯ ಢಾಬಾಗಳಲ್ಲಿ ತಂದೂರು ಕೈವಶವಾದವರೂ ಹೊಗೆ ಡ್ರಮ್ಮಿನ, ಅಂದರೆ ಕಡಿಮೆ ಉರಿಯ ಹೊಗೆಯಲ್ಲಿ ಮಾಂಸ ನಿಧಾನ ಬೇಯಿಸುವ ಡ್ರಮ್ಮಿನ ಮುಂದೆ ಎಡವುತ್ತಾರೆ. ಕಾರಣ ಹೆಚ್ಚಾಗಿ ಮಸಾಲೆಯಲ್ಲ, ಗಾಳಿ.

ಮೊದಲು ಡ್ರಮ್. 200 ಲೀಟರಿನದು, ಮುಚ್ಚಳ ಪೂರ್ತಿ ಬಿಚ್ಚುವಂಥದ್ದು, ಅಡುಗೆ ಎಣ್ಣೆ ತುಂಬಿದ್ದದ್ದು. ಪೆಟ್ರೋಲು, ಥಿನ್ನರ್, ಕ್ರಿಮಿನಾಶಕ ಇದ್ದದ್ದು ಗುಜರಿಯವರು ಪುಕ್ಕಟೆ ಕೊಟ್ಟರೂ ಬೇಡ. ತೂತು ಕೊರೆಯುವಾಗ ಒಳಗಿನ ಆವಿ ಸಿಡಿದೀತು. ಮಾಂಸ ಇಡಲು ಸತುವಿನ ಲೇಪದ ಜಾಲರಿಯೂ ಬೇಡ. ಒಳಗಿನ ಬಣ್ಣ ಹೋಗುವವರೆಗೆ ಕಟ್ಟಿಗೆ ಹಾಕಿ ಸುಟ್ಟು, ತಂತಿ ಬ್ರಷ್ಷಿನಿಂದ ಉಜ್ಜಿ, ಕುಸುಬೆ ಎಣ್ಣೆ ತೆಳ್ಳಗೆ ಸವರಿ, ಎರಡು ತಾಸು ಬರಿದೇ ಕಾಯಿಸಿ.

ತಳದಿಂದ ಎರಡಿಂಚು ಮೇಲೆ ಮುಕ್ಕಾಲಿಂಚಿನ ನಾಲ್ಕು ತೂತು: ಮೂರಕ್ಕೆ ಬಿರಡೆ, ಒಂದಕ್ಕೆ ತಿರುಗಿಸಿ ಗಾಳಿ ಹೆಚ್ಚು-ಕಡಿಮೆ ಮಾಡುವ ಬಾಲ್ ವಾಲ್ವ್. ಮುಚ್ಚಳದಲ್ಲಿ ಅರ್ಧ ಇಂಚಿನ ಎಂಟು ತೂತು. ಇವನ್ನು ಎಂದೂ ಮುಚ್ಚಬಾರದು. ಹೊಗೆ ಒಳಗೇ ಉಳಿಯಲೆಂದು ಬಟ್ಟೆ ತುರುಕುವವರಿದ್ದಾರೆ. ನಿಂತ ಹೊಗೆ ಡಾಂಬರಿನಂತೆ ಮಾಂಸಕ್ಕೆ ಅಂಟಿ ನಾಲಿಗೆ ಜುಮ್ಮೆನ್ನಿಸುತ್ತದೆ. ಕಹಿ ಬರುವುದು ಅಲ್ಲಿಂದಲೇ. ಉರಿ ಹತೋಟಿಯಲ್ಲಿಡುವುದೇನಿದ್ದರೂ ಕೆಳಗಿನ ತೂತಿನಿಂದ.

ಬಳ್ಳಾರಿ ಜಾಲಿಯ ಇದ್ದಿಲು 4 ಕೆ.ಜಿ., ಕಬ್ಬಿಣದ ಬುಟ್ಟಿಯಲ್ಲಿ, ತಳದಿಂದ ಮೂರಿಂಚು ಎತ್ತರಕ್ಕೆ. ಬೂದಿ ಕೆಳಗೆ ಬಿದ್ದರೇ ಗಾಳಿ ಆಡುತ್ತದೆ. ಮಾಂಸದ ಜಾಲರಿ ಬುಟ್ಟಿಯ ತಳದಿಂದ ಎರಡು ಅಡಿ ಮೇಲೆ. ಎಲ್ಲವನ್ನೂ ಹೊತ್ತಿಸಬೇಡಿ. ಹತ್ತು-ಹನ್ನೆರಡು ಕೆಂಡ ನಡುವೆ ಇಟ್ಟರೆ ಸಾಕು, ಬೆಂಕಿ ನಿಧಾನ ಹರಡುತ್ತದೆ. ಮುಷ್ಟಿ ಗಾತ್ರದ ಒಣಗಿದ ಮಾವಿನ ಕಟ್ಟಿಗೆಯ ತುಂಡು ನಾಲ್ಕು ಸೇರಿಸಿ. ಹಸಿ ಕಟ್ಟಿಗೆ ಮಾತ್ರ ಬೇಡವೇ ಬೇಡ. ಬಿಳಿ ದಟ್ಟ ಹೊಗೆ ಹೋಗಿ ತೆಳು ನೀಲಿ ಬಂದ ಮೇಲೆ ಮಾಂಸ ಇಡಿ.

ಜಾಲರಿ ಮಟ್ಟದಲ್ಲಿ 110ರಿಂದ 120 ಡಿಗ್ರಿ ಬೇಕು. 95 ಮುಟ್ಟುತ್ತಲೇ ಕೆಳಗಿನ ತೂತು ಮುಚ್ಚುತ್ತಾ ಬನ್ನಿ. 120ಕ್ಕೆ ಏರಿದ ಮೇಲೆ ಮುಚ್ಚಿದರೆ ತಡವಾಯಿತು. ಕಾದ ಡ್ರಮ್ ಬೇಗ ತಣಿಯದು. ನೋಡಬೇಕೆಂದು ಮುಚ್ಚಳ ತೆಗೆದರೂ ಗಾಳಿ ನುಗ್ಗಿ ಕೆಂಡ ಭುಗ್ಗೆನ್ನುತ್ತದೆ. ಡ್ರಮ್ ಬಯಲಲ್ಲೇ ಇರಲಿ, ಕೋಣೆಯೊಳಗೆ ಬೇಡ: ಇದ್ದಿಲಿನ ವಿಷಾನಿಲಕ್ಕೆ ವಾಸನೆಯಿಲ್ಲ. ಮೇ ತಿಂಗಳ ನಮ್ಮ ಬಿಸಿಲಲ್ಲಿ ಹಸಿ ಮಾಂಸ ಹೊರಗೆ ಒಂದು ತಾಸಿಗಿಂತ ಹೆಚ್ಚು ಇರಬಾರದು.

ಆಡಿನ ಮಾಂಸಕ್ಕೆ ಕೊಬ್ಬು ಕಡಿಮೆ, ಹಿಂದೊಡೆ ಬೇಗ ಒಣಗುತ್ತದೆ. ಮುಂಗಾಲಿನ ಭುಜ ಒಳ್ಳೆಯದು. ಕಿಲೋಗೆ 15 ಗ್ರಾಂ ಉಪ್ಪು ಸವರಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೇಯುವಾಗ ಮಾಂಸದ ಒಳಗಿನ ಉಷ್ಣಾಂಶ 70ರ ಆಸುಪಾಸಿನಲ್ಲಿ ಏರದೆ ನಿಲ್ಲುತ್ತದೆ, ಮೇಲಿನ ನೀರು ಆರುತ್ತಾ ಮಾಂಸವನ್ನು ತಂಪಾಗಿಸುವುದರಿಂದ. ಗಾಬರಿಯಾಗಿ ವಾಲ್ವ್ ತೆರೆಯಬೇಡಿ, ಫಾಯಿಲ್‌ನಲ್ಲಿ ಸುತ್ತಿಬಿಡಿ. 93ರ ಹತ್ತಿರ ಉಷ್ಣಮಾಪಕದ ಸೂಜಿ ತಡೆಯಿಲ್ಲದೆ ಇಳಿದರೆ ತೆಗೆದು ಅರ್ಧ ತಾಸು ಬಿಡಿ.

ಕೊಯ್ದಾಗ ಅಂಚಿನಲ್ಲಿ ಕಾಣುವ ನಸುಗೆಂಪು ಹಸಿಯಲ್ಲ, ಹೊಗೆಯ ಅನಿಲ ಮಾಂಸದ ಬಣ್ಣಕ್ಕೆ ಹಿಡಿದ ಗುರುತು. ತಟ್ಟೆ ಇಡುವ ಹುಡುಗರಿಗೆ ಇದನ್ನು ಮೊದಲೇ ಹೇಳಿಡಿ, ಗಿರಾಕಿ ಕೇಳಿಯೇ ಕೇಳುತ್ತಾರೆ.